ಆರನೇ ಪಟ್ಟಿಗೆ ನೀರು: ಕರೆಂಟ್ ಹೋದರೂ ಮರೆಯದ ಮೆಮೊರಿಯ ಆಯ್ಕೆ

ಚನ್ನಗಿರಿ ಕಡೆ ನಮ್ಮ ಚಿಕ್ಕಪ್ಪನ ಅಡಿಕೆ ತೋಟವಿದೆ. ಬೋರ್‌ವೆಲ್ಲಿನ ನೀರು ಇಡೀ ತೋಟಕ್ಕೆ ಒಟ್ಟಿಗೆ ಸಾಲುವುದಿಲ್ಲ. ಹಾಗಾಗಿ ತೋಟವನ್ನು ಆರು ಪಟ್ಟಿ ಮಾಡಿ, ಪಟ್ಟಿಗೊಂದು ವಾಲ್ವ್ ಹಾಕಿ, ಒಂದಾದ ಮೇಲೊಂದಕ್ಕೆ ಡ್ರಿಪ್ ಬಿಡುತ್ತಾರೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಎಂಬುದು ಲೆಕ್ಕ. ಅದೂ ಹಗಲಿಷ್ಟು, ರಾತ್ರಿಯಿಷ್ಟು, ನಡುನಡುವೆ ಹೋಗುತ್ತಾ ಬರುತ್ತಾ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ವಾಲ್ವ್ ತಿರುಗಿಸಲು ಹೋಗುವುದು ಅವರಿಗೆ ತಪ್ಪಲಿ ಎಂದು ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಒಳಗೆ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್, ಆರು ರಿಲೇ, ಒಂದು ಪುಟ್ಟ ಡಿಸ್‌ಪ್ಲೇ.

ಹದಿನೈದು ದಿನ ಬಿಟ್ಟು ಚಿಕ್ಕಪ್ಪ ಫೋನ್ ಮಾಡಿದರು. "ಕರೆಂಟ್ ಹೋಗಿ ಬಂದಾಗೆಲ್ಲ ಒಂದನೇ ವಾಲ್ವೇ ತೆಗೀತೈತಲ್ಲೋ. ಅಲ್ಲಿ ಕೆಸರಾಗೈತೆ, ಆರನೇ ಪಟ್ಟಿ ಒಣಗ್ತಾ ಐತೆ."

ತಪ್ಪು ಎಲ್ಲಿದೆ ಎಂದು ಅಲ್ಲೇ ಗೊತ್ತಾಯಿತು. ಯಾವ ವಾಲ್ವ್ ತೆರೆದಿದೆ, ಎಷ್ಟು ನಿಮಿಷ ನೀರು ಹೋಗಿದೆ ಎಂಬುದನ್ನೆಲ್ಲ ನನ್ನ ಪ್ರೋಗ್ರಾಮ್ ರ‍್ಯಾಮ್‌ನಲ್ಲಿ ಇಟ್ಟುಕೊಂಡಿತ್ತು. ಕರೆಂಟ್ ಹೋದೊಡನೆ ರ‍್ಯಾಮ್‌ನಲ್ಲಿದ್ದುದೂ ಹೋಗುತ್ತದೆ. ಮತ್ತೆ ಬಂದಾಗ ಪ್ರೋಗ್ರಾಮ್ ಮೊದಲಿನಿಂದ ಶುರು, ಅಂದರೆ ಒಂದನೇ ವಾಲ್ವಿನಿಂದ.

ಪರಿಹಾರ ಒಂದು ವಾಕ್ಯದ್ದು: ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಬರೆದಿಡಬೇಕು. ಯಾವ ಮೆಮೊರಿ ಎಂದು ಕೇಳಿದರೆ ಮಾತ್ರ ಉತ್ತರಗಳ ಸಂತೆಯೇ ಇದೆ: ಚಿಪ್ಪಿನ ಒಳಗಿನ ಈಪ್ರಾಮ್, ಹೊರಗಿನ ಈಪ್ರಾಮ್, ಫ್ಲ್ಯಾಶ್, ಬ್ಯಾಟರಿಯ ಆಸರೆಯ ರ‍್ಯಾಮ್, ಎಫ್‌ರ‍್ಯಾಮ್, ಎಂರ‍್ಯಾಮ್, ಎಸ್‌ಡಿ ಕಾರ್ಡ್. ಕಾಲೇಜಿನ ಪ್ರಾಜೆಕ್ಟ್ ಮಾಡುವವರು ಸಾಮಾನ್ಯವಾಗಿ ಕೇಳುವುದು "ಎಷ್ಟು ಕೆಬಿ ಬೇಕು?" ಎಂದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಮ್ಮ ಪೆಟ್ಟಿಗೆಗೆ ಬೇಕಾದದ್ದು ಎಂಟೇ ಬೈಟ್. ಮೊದಲು ಕೇಳಬೇಕಾದದ್ದು, ಆ ಎಂಟು ಬೈಟ್ ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ ಎಂದು. ಆಮೇಲೆ, ಬರೆದದ್ದು ಎಷ್ಟು ಕಾಲ, ಎಂಥ ಬಿಸಿಲಲ್ಲಿ ಉಳಿಯಬೇಕು ಎಂದು. ಎಲ್ಲಕ್ಕಿಂತ ಮುಖ್ಯವಾದರೂ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಏನು ಗತಿ?

ಈ ಮೆಮೊರಿಗಳಲ್ಲಿ ಹೆಚ್ಚಿನವು ಬರೆದಷ್ಟೂ ಸವೆಯುತ್ತವೆ. ಯಾಕೆಂದು ತಿಳಿಯದೆ ಆಯ್ಕೆ ಮಾಡಲಾಗದು. ಹಿಂದೆ ನಮ್ಮ ವ್ಯಾಪಾರಿಗಳೂ ಮಠದವರೂ ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಸಿ ಇಟ್ಟು ಬಳಪದಲ್ಲಿ ಬರೆಯುವುದು. ಬರೆದದ್ದು ವರ್ಷಗಟ್ಟಲೆ ನಿಲ್ಲುತ್ತಿತ್ತು. ಬೇಡವಾದಾಗ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಕಡತದ ಮೇಲ್ಪದರ ಸವೆದರೆ ಇನ್ನೊಮ್ಮೆ ಸರಿ ಬಳಿಯಬಹುದು. ಈಪ್ರಾಮ್ ಕೂಡ ಬರೆದು ಒರೆಸುವ ಕಡತವೇ, ಆದರೆ ಅದರ ಪದರಕ್ಕೆ ಎರಡನೇ ಸಲ ಬಳಿಯಲು ಬರುವುದಿಲ್ಲ.

ಆ ಪದರ ಯಾವುದು? 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡವೊನ್ ಕಾಂಗ್ ಮತ್ತು ಸೈಮನ್ ಸೀ ಟ್ರಾನ್ಸಿಸ್ಟರ್‌ನ ಗೇಟಿನ ಕೆಳಗೆ ಇನ್ನೊಂದು ಗೇಟನ್ನು ಸುತ್ತಲೂ ಗಾಜಿನಂಥ ಆಕ್ಸೈಡ್‌ನಿಂದ ಮುಚ್ಚಿ ಕೂರಿಸುವ ಉಪಾಯ ಹೇಳಿದರು. ಯಾವ ತಂತಿಗೂ ಅಂಟದೆ ತೇಲುವ ಗೇಟ್ ಅದು. ಅದರೊಳಗೆ ಎಲೆಕ್ಟ್ರಾನ್‌ಗಳನ್ನು ಒಮ್ಮೆ ನುಗ್ಗಿಸಿಬಿಟ್ಟರೆ ಹೊರಬರಲು ದಾರಿಯಿಲ್ಲದೆ ವರ್ಷಾನುಗಟ್ಟಲೆ ಅಲ್ಲೇ ಕೂರುತ್ತವೆ. ಚಾರ್ಜ್ ಇದ್ದರೆ ಒಂದು ಬಿಟ್, ಇಲ್ಲದಿದ್ದರೆ ಇನ್ನೊಂದು. ಇಂಟೆಲ್‌ನ ಡೋವ್ ಫ್ರೋಮನ್ 1971ರಲ್ಲಿ ಇದನ್ನು ಮಾರುಕಟ್ಟೆಯ ಚಿಪ್ ಮಾಡಿದರು. ಅದೇ ಇಪ್ರಾಮ್. ಚಿಪ್ಪಿನ ನೆತ್ತಿಯ ಮೇಲೆ ಒಂದು ಕ್ವಾರ್ಟ್ಜ್ ಕಿಟಕಿ. ಅಳಿಸಬೇಕೆಂದರೆ ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಇಡಬೇಕು. ಆ ಕಿಟಕಿಗೆ ಸ್ಟಿಕರ್ ಅಂಟಿಸಿ ಬೆಳಕು ತಡೆಯುತ್ತಿದ್ದುದನ್ನು ಹಳೆಯ ಎಂಜಿನಿಯರುಗಳು ಇನ್ನೂ ನೆನೆಯುತ್ತಾರೆ. 1970ರ ದಶಕ ಮುಗಿಯುವ ಹೊತ್ತಿಗೆ ಅದೇ ಇಂಟೆಲ್‌ನಲ್ಲಿ ಜಾರ್ಜ್ ಪೆರ್ಲೆಗೋಸ್ ವಿದ್ಯುತ್ತಿನಿಂದಲೇ ಅಳಿಸಬಹುದಾದ 2816 ಚಿಪ್ ರೂಪಿಸಿದರು, ಈಪ್ರಾಮ್ ಬಂತು. ಪೆರ್ಲೆಗೋಸ್ 1984ರಲ್ಲಿ ಕಟ್ಟಿದ ಕಂಪನಿಯೇ ಆಟ್ಮೆಲ್. ನಮ್ಮ ತೋಟದ ಪೆಟ್ಟಿಗೆಯ ಎಟಿಮೆಗಾ ಆ ಮನೆತನದ್ದು. ಅದೇ 1984ರಲ್ಲಿ ತೋಶಿಬಾದ ಫುಜಿಯೋ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು ಪ್ರಕಟಿಸಿದರು. ಬಿಡಿ ಬೈಟ್ ಬದಲು ಒಂದು ಇಡೀ ಬ್ಲಾಕನ್ನು ಕ್ಯಾಮೆರಾದ ಫ್ಲ್ಯಾಶ್ ಹೊಡೆದ ಹಾಗೆ ಒಮ್ಮೆಲೇ ಅಳಿಸುವುದರಿಂದ ಆ ಹೆಸರು.

ಎಲೆಕ್ಟ್ರಾನ್ ನುಗ್ಗಿಸಲು ಬೇಕಾದ ಹೆಚ್ಚಿನ ವೋಲ್ಟೇಜನ್ನು ಚಿಪ್ ತನ್ನೊಳಗೇ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಒಂದು ಬೈಟ್ ಬರೆಯಲು ಎಟಿಮೆಗಾಕ್ಕೆ 3.4 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ 16 ಮೆಗಾಹರ್ಟ್ಸ್‌ನ ಆ ಚಿಪ್ ಐವತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ ನಡೆದಿರುತ್ತದೆ. ಪ್ರತಿ ಸಲ ನುಗ್ಗುವಾಗಲೂ ಒಂದಿಷ್ಟು ಎಲೆಕ್ಟ್ರಾನ್‌ಗಳು ಆಕ್ಸೈಡ್ ಪದರದೊಳಗೇ ಸಿಕ್ಕಿಹಾಕಿಕೊಳ್ಳುತ್ತವೆ, ಪದರ ಕೆಡುತ್ತಾ ಹೋಗುತ್ತದೆ. ಅದಕ್ಕೇ ಡೇಟಾಶೀಟಿನಲ್ಲಿ ಆ ಸಂಖ್ಯೆ: ಎಟಿಮೆಗಾ328ಪಿಯ ಈಪ್ರಾಮ್‌ಗೆ 1,00,000 ಬರಹ, ಫ್ಲ್ಯಾಶ್‌ಗೆ 10,000.

ಒಂದು ಲಕ್ಷ ಎಂದಾಗ ಬಹಳ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದೇ ಜಾಗಕ್ಕೆ ಸೆಕೆಂಡಿಗೊಮ್ಮೆ ಬರೆದರೆ ಒಂದು ಲಕ್ಷ ಮುಗಿಯುವುದು 28 ಗಂಟೆಯೊಳಗೆ. ನಿಮಿಷಕ್ಕೊಮ್ಮೆಯಾದರೆ 69 ದಿನ. ಗಂಟೆಗೊಮ್ಮೆಯಾದರೆ 11 ವರ್ಷ. ಲಕ್ಷ ಮುಟ್ಟಿದ ದಿನವೇ ಚಿಪ್ ಕೈಕೊಡುತ್ತದೆ ಎಂದಲ್ಲ. ಬಹಳ ಸಲ ಅದನ್ನು ದಾಟಿಯೂ ನಡೆಯುತ್ತದೆ. ಆದರೆ ಕಂಪನಿ ಭರವಸೆ ಕೊಡುವುದು ಅಲ್ಲಿಯವರೆಗೆ ಮಾತ್ರ. ರೈತನ ತೋಟದಲ್ಲಿ ಕೂರಿಸುವ ವಸ್ತುವಿಗೆ ಭರವಸೆಯ ಲೆಕ್ಕವೇ ಲೆಕ್ಕ.

ಮನೆಯ ವಿದ್ಯುತ್ ಮೀಟರನ್ನೇ ತೆಗೆದುಕೊಳ್ಳಿ. ಮುಖದ ಮೇಲೆ ಒಂದು ಕೆಂಪು ಎಲ್‌ಇಡಿ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಯೂನಿಟ್ಟಿಗೆ ಇಷ್ಟು ಮಿನುಗು ಎಂದು ಬರೆದಿರುತ್ತದೆ. 3,200 ಎಂದಿಟ್ಟುಕೊಳ್ಳೋಣ. ಗೀಸರ್ ಹಾಕಿದಾಗ ಎರಡು ಕಿಲೋವಾಟ್ ಓಡಿದರೆ ಗಂಟೆಗೆ 6,400 ಮಿನುಗು. ಪ್ರತಿ ಮಿನುಗನ್ನೂ ಎಟಿಮೆಗಾದಂಥ ಈಪ್ರಾಮ್‌ನ ಒಂದೇ ಜಾಗದಲ್ಲಿ ಬರೆದರೆ 16 ಗಂಟೆಯಲ್ಲಿ ಅದರ ಆಯಸ್ಸು ತೀರುತ್ತದೆ. ಇದಕ್ಕೆ ಪೂರ್ತಿ ಎದುರಿನ ಉದಾಹರಣೆ ಮತಯಂತ್ರ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಮಾಡುವ ಯಂತ್ರದ ಕಂಟ್ರೋಲ್ ಯೂನಿಟ್ ಬ್ಯಾಟರಿಯಿಂದ ನಡೆಯುತ್ತದೆ, ಬ್ಯಾಟರಿ ತೆಗೆದರೂ ಎಣಿಕೆ ಅಳಿಯುವುದಿಲ್ಲ. ಈಗಿನ ಯಂತ್ರದಲ್ಲಿ ದಾಖಲಾಗುವುದು ಹೆಚ್ಚೆಂದರೆ 2,000 ಮತ. ಅಲ್ಲಿ ಸವೆತ ಪ್ರಶ್ನೆಯೇ ಅಲ್ಲ, ಬರೆದದ್ದು ಅಲುಗಾಡದೆ ಉಳಿಯುವುದೇ ಎಲ್ಲ. ಒಂದೇ ಕೋಷ್ಟಕ ಮುಂದಿಟ್ಟುಕೊಂಡು ಮೀಟರಿಗೂ ಮತಯಂತ್ರಕ್ಕೂ ಮೆಮೊರಿ ಆರಿಸಹೊರಟರೆ ಎರಡರಲ್ಲಿ ಒಂದು ಕೆಡುತ್ತದೆ.

ಇನ್ನು ಒಂದೊಂದರ ಗುಣ ನೋಡೋಣ. ಚಿಪ್ಪಿನ ಒಳಗೇ ಈಪ್ರಾಮ್ ಇದ್ದರೆ ಅದಕ್ಕಿಂತ ಸಲೀಸಾದದ್ದಿಲ್ಲ. ಎಟಿಮೆಗಾ328ಪಿಯಲ್ಲಿ 1,024 ಬೈಟ್, ಎಟಿಟೈನಿ85ರಲ್ಲಿ 512 ಬೈಟ್. ಹೊರಗೆ ತಂತಿಯಿಲ್ಲ, ಬೆಸುಗೆಯಿಲ್ಲ, ಖರ್ಚಿಲ್ಲ. ಆರ್ಡುಯಿನೊದಲ್ಲಿ ಬರೆಯುವವರು 'ರೈಟ್' ಬದಲು 'ಅಪ್‌ಡೇಟ್' ಬಳಸಿದರೆ, ಇದ್ದ ಬೆಲೆಯನ್ನೇ ಮತ್ತೆ ಬರೆಯುವ ಸವೆತ ತಪ್ಪುತ್ತದೆ.

ಜಾಗ ಸಾಲದಿದ್ದರೆ ಹೊರಗಿನ ಈಪ್ರಾಮ್. ಎರಡು ತಂತಿಯ ಐ-ಸ್ಕ್ವೇರ್-ಸಿ ಮೇಲೆ ಕೂರುವ 24ಸಿ256 ಜಾತಿಯ ಚಿಪ್ಪು 32 ಕೆಬಿ ಹಿಡಿಯುತ್ತದೆ, ಹತ್ತು ಲಕ್ಷ ಬರಹಕ್ಕೆ ಭರವಸೆ ಕೊಡುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತದೆ. ಇದನ್ನು ಮೊದಲ ಸಲ ಬಳಸುವವರೆಲ್ಲ ಒಂದು ಗುಂಡಿಗೆ ಬೀಳುತ್ತಾರೆ. ಇದರ ಒಂದು ಪುಟ 64 ಬೈಟ್. ಪುಟದ ಕೊನೆಯಲ್ಲಿ ಬರೆಯಲು ಶುರುಮಾಡಿ ಅಂಚು ದಾಟಿದರೆ ಉಳಿದದ್ದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಅದೇ ಪುಟದ ತಲೆಗೆ ಸುತ್ತಿ ಬಂದು ಅಲ್ಲಿದ್ದುದರ ಮೇಲೆ ಕೂರುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. ಎಂಟು, ಹದಿನಾರು, ಮೂವತ್ತೆರಡು ಹೀಗೆ ಪುಟವನ್ನು ಸಮನಾಗಿ ಭಾಗಿಸುವ ಅಳತೆಯಲ್ಲಿ ದಾಖಲೆ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ. ಇನ್ನೊಂದು ಸೂಕ್ಷ್ಮ ಎಸ್‌ಟಿ ಕಂಪನಿಯ ಡೇಟಾಶೀಟ್‌ಗಳಲ್ಲಿ ಸಿಗುತ್ತದೆ. ಅವರ ಚಿಪ್ಪು ನಾಲ್ಕು ಬೈಟ್‌ಗಳ ಗುಂಪಿಗೆ ಒಂದು ತಪ್ಪು ತಿದ್ದುವ ಸಂಕೇತ ಇಟ್ಟುಕೊಳ್ಳುವುದರಿಂದ, ಒಂದು ಬೈಟ್ ಬರೆದರೂ ನಾಲ್ಕೂ ಸವೆಯುತ್ತವೆ. ಅಲ್ಲೇ ಬಿಸಿಯ ಲೆಕ್ಕವೂ ಇದೆ: 25 ಡಿಗ್ರಿಯಲ್ಲಿ ನಲವತ್ತು ಲಕ್ಷ ಬರಹ, 85 ಡಿಗ್ರಿಯಲ್ಲಿ ಹನ್ನೆರಡು ಲಕ್ಷ. ತಗಡಿನ ಪೆಟ್ಟಿಗೆಯನ್ನು ಏಪ್ರಿಲ್ ಬಿಸಿಲಿಗೆ ಕಂಬಕ್ಕೆ ಕಟ್ಟುವವರು ಯಾವ ಸಾಲನ್ನು ಓದಬೇಕೆಂದು ಹೇಳಬೇಕಿಲ್ಲ.

ಈಗ ಜನಪ್ರಿಯವಾದ ಹಲವು ಮೈಕ್ರೋಕಂಟ್ರೋಲರ್‌ಗಳಲ್ಲಿ ಈಪ್ರಾಮ್ ಇಲ್ಲವೇ ಇಲ್ಲ. ಎಸ್‌ಟಿಎಂ32ಎಫ್103ರಲ್ಲಿ ಇಲ್ಲ, ಇಎಸ್‌ಪಿ32ರಲ್ಲಿ ಇಲ್ಲ, ರಾಸ್ಪ್‌ಬೆರಿ ಪೈ ಪಿಕೊದಲ್ಲೂ ಇಲ್ಲ. ಪ್ರೋಗ್ರಾಮ್ ಕೂರುವ ಫ್ಲ್ಯಾಶ್‌ನಲ್ಲೇ ಒಂದು ಮೂಲೆ ಬಿಡಿಸಿಕೊಂಡು ಈಪ್ರಾಮ್‌ನಂತೆ ಬಳಸಬೇಕು. ಫ್ಲ್ಯಾಶ್‌ನಲ್ಲಿ ಬರೆಯುವುದೆಂದರೆ ಒಂದನ್ನು ಸೊನ್ನೆ ಮಾಡುವುದು. ಸೊನ್ನೆಯನ್ನು ಮತ್ತೆ ಒಂದು ಮಾಡಲು ಇಡೀ ಸೆಕ್ಟರ್ ಅಳಿಸಬೇಕು. ಪಿಕೊದ ಹೊರ ಫ್ಲ್ಯಾಶ್‌ನಲ್ಲಿ ಅದು 4 ಕೆಬಿ. ಎಸ್‌ಟಿಎಂ32ಎಫ್407ರ ದೊಡ್ಡ ಸೆಕ್ಟರುಗಳು 128 ಕೆಬಿ, ಒಂದನ್ನು ಅಳಿಸಲು ಸುಮಾರು ಒಂದು ಸೆಕೆಂಡ್. ಅಷ್ಟು ಹೊತ್ತು ಪ್ರೊಸೆಸರ್ ತನ್ನ ಪ್ರೋಗ್ರಾಮನ್ನೇ ಓದಲಾಗದೆ ನಿಂತಿರುತ್ತದೆ. ಮೋಟರ್ ನಡೆಸುವ ಯಂತ್ರಕ್ಕೆ ಒಂದು ಸೆಕೆಂಡ್ ಕಣ್ಣು ಮುಚ್ಚುವುದು ಸಣ್ಣ ಮಾತಲ್ಲ.

ಹಾಗೆಂದು ಫ್ಲ್ಯಾಶ್ ಬೇಡವೆನ್ನಲಾರೆ. ಇಎಸ್‌ಪಿ32ರ ಎನ್‌ವಿಎಸ್ ಲೈಬ್ರರಿ ಬಹಳ ಚೆನ್ನಾಗಿ ಯೋಚಿಸಿ ಕಟ್ಟಿದ್ದು. 4,096 ಬೈಟಿನ ಪುಟಗಳಲ್ಲಿ 32 ಬೈಟಿನ ದಾಖಲೆಗಳನ್ನು ಒಂದರ ಕೆಳಗೊಂದು ಬರೆಯುತ್ತದೆ, ಹಳೆಯದಕ್ಕೆ ಅಳಿದದ್ದೆಂದು ಗುರುತು ಹಾಕುತ್ತದೆ, ಪುಟ ತುಂಬಿದಾಗ ಮಾತ್ರ ಜೀವಂತ ದಾಖಲೆಗಳನ್ನು ಬೇರೆ ಪುಟಕ್ಕೆ ಸಾಗಿಸಿ ಇದನ್ನು ಅಳಿಸುತ್ತದೆ. ವೈಫೈ ಪಾಸ್‌ವರ್ಡ್, ವಾಲ್ವಿನ ಸಮಯದಂಥ ಸೆಟ್ಟಿಂಗ್‌ಗಳಿಗೆ ಇದು ಧಾರಾಳ. ನಿಮಿಷನಿಮಿಷಕ್ಕೆ ಬದಲಾಗುವ ಎಣಿಕೆಗೆ ನಾನು ಇದನ್ನು ಆರಿಸುವುದಿಲ್ಲ.

ಬ್ಯಾಟರಿ ಆಸರೆಯ ರ‍್ಯಾಮ್ ಹಳೆಯ ದಾರಿ. 1984ರ ಐಬಿಎಂ ಪಿಸಿ ಎಟಿ ತನ್ನ ಸೆಟ್ಟಿಂಗ್‌ಗಳನ್ನು ಮೊಟೊರೊಲಾದ ಗಡಿಯಾರದ ಚಿಪ್ಪೊಂದರಲ್ಲಿ ಹೀಗೆಯೇ ಇಟ್ಟುಕೊಂಡಿತ್ತು. ನೀರಾವರಿ ಪೆಟ್ಟಿಗೆಗೆ ಹೇಗೂ ಗಡಿಯಾರ ಬೇಕು. ಡಿಎಸ್1307 ಹಾಕಿದರೆ ಅದರಲ್ಲಿ ಗಡಿಯಾರದ ಜೊತೆಗೆ 56 ಬೈಟ್ ರ‍್ಯಾಮ್ ಸಿಗುತ್ತದೆ. ಅದಕ್ಕೆ ಎಷ್ಟು ಸಲ ಬರೆದರೂ ಸವೆತವಿಲ್ಲ, ಕಾಯುವಿಕೆಯಿಲ್ಲ, ಒಂದು ನಾಣ್ಯದ ಸೆಲ್ ಹತ್ತು ವರ್ಷ ನಡೆಸಬಲ್ಲದು. ಎಣ್ಣೆ ತೀರಿದರೆ ದೀಪ ಆರುವಂತೆ, ಸೆಲ್ ಮುಗಿದರೆ ನೆನಪೂ ಮುಗಿಯುತ್ತದೆ ಎಂಬುದೊಂದೇ ಭಯ. ನಿಜಕ್ಕೂ ಸೆಲ್ ಮುಗಿಯುವುದಕ್ಕಿಂತ ಮುಂಚೆ ಅದರ ಹೋಲ್ಡರ್ ಕೈಕೊಡುತ್ತದೆ. ತೋಟದ ತೇವಕ್ಕೆ ಹಿತ್ತಾಳೆ ಕಚ್ಚುತ್ತದೆ, ಇರುವೆ ಗೂಡು ಕಟ್ಟುತ್ತದೆ. ಡಿಎಸ್3231 ಸಮಯ ತೋರಿಸುವುದರಲ್ಲಿ ಇದಕ್ಕಿಂತ ಎಷ್ಟೋ ನಿಖರ, ಆದರೆ ಅದರಲ್ಲಿ ನಮಗೆಂದು ಒಂದು ಬೈಟ್ ರ‍್ಯಾಮ್ ಕೂಡ ಇಲ್ಲ. ಅದನ್ನು ಹೊತ್ತು ಬರುವ ಅಗ್ಗದ ಬೋರ್ಡುಗಳ ಮೇಲೆ ಪಕ್ಕದಲ್ಲೊಂದು 4 ಕೆಬಿ ಈಪ್ರಾಮ್ ಇರುತ್ತದೆ, ಅದನ್ನು ಬಳಸಿಕೊಳ್ಳಬಹುದು. ಆ ಬೋರ್ಡುಗಳಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಸರ್ಕ್ಯೂಟ್ ಇರುವುದನ್ನು ನೋಡಿಕೊಳ್ಳಿ. ಚಾರ್ಜ್ ಆಗದ ಸಿಆರ್2032 ಸೆಲ್ಲನ್ನು ಅದರಲ್ಲಿ ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಊದಿಕೊಂಡು ಅಪಾಯವಾದೀತು. ಆ ಡಯೋಡನ್ನೋ ರೆಸಿಸ್ಟರನ್ನೋ ಕಿತ್ತು ಹಾಕಿಯೇ ಬಳಸಬೇಕು.

ಎಫ್‌ರ‍್ಯಾಮ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನನಗೆ ಅದರ ಮೇಲೆ ಪ್ರೀತಿಯಿದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡಡ್ಲಿ ಬಕ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಫೆರೊಎಲೆಕ್ಟ್ರಿಕ್ ಹರಳುಗಳಲ್ಲಿ ಅಂಕಿ ಕೂಡಿಡುವ ವಿಚಾರ ಬರೆದ. ಅದು ಅಂಗಡಿಯ ಚಿಪ್ಪಾಗಲು ದಶಕಗಳೇ ಹಿಡಿದವು. 1984ರಲ್ಲಿ ಹುಟ್ಟಿದ ರಾಮ್‌ಟ್ರಾನ್ ಕಂಪನಿ ಅದರ ಬೆನ್ನು ಹತ್ತಿತು, 2012ರಲ್ಲಿ ಸೈಪ್ರೆಸ್ ಅದನ್ನು ಕೊಂಡಿತು, 2020ರಲ್ಲಿ ಸೈಪ್ರೆಸ್ಸನ್ನು ಇನ್ಫಿನಿಯಾನ್ ಕೊಂಡಿತು. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡ್ ಹರಳಿನ ನಡುವಿನ ಅಯಾನು ಆಚೆಗೋ ಈಚೆಗೋ ಚೂರು ಸರಿದು ನಿಲ್ಲುತ್ತದೆ, ಅದೇ ಬಿಟ್. ಗೋಡೆ ಒಡೆದು ನುಗ್ಗುವ ಕೆಲಸವಿಲ್ಲದ್ದರಿಂದ ಹೆಚ್ಚಿನ ವೋಲ್ಟೇಜ್ ಬೇಡ, ಮಿಲಿಸೆಕೆಂಡುಗಳ ಕಾಯುವಿಕೆ ಬೇಡ. ತಂತಿಯ ಮೇಲೆ ಬೈಟ್ ಬಂದು ಮುಟ್ಟಿದೊಡನೆ ಅದು ಬರೆದಾಯಿತು. ಸೈಪ್ರೆಸ್ ಚಿಪ್ಪುಗಳ ಭರವಸೆ ನೂರು ಲಕ್ಷ ಕೋಟಿ ಸಲ. ಸೆಕೆಂಡಿಗೊಮ್ಮೆ ಬರೆದರೆ ಮೂವತ್ತು ಲಕ್ಷ ವರ್ಷ. ಇದರಲ್ಲಿ ಓದುವುದೆಂದರೂ ಇದ್ದುದನ್ನು ಅಳಿಸಿ ಮತ್ತೆ ಬರೆಯುವುದೇ, ಹಾಗಾಗಿ ಓದೂ ಈ ಎಣಿಕೆಯಲ್ಲಿ ಸೇರುತ್ತದೆ. ಆದರೂ ಈ ಸಂಖ್ಯೆಯ ಮುಂದೆ ಅದು ಲೆಕ್ಕಕ್ಕಿಲ್ಲ.

ಹೆಸರಿನಲ್ಲಿ 'ಫೆರೊ' ಇದ್ದರೂ ಎಫ್‌ರ‍್ಯಾಮ್‌ನಲ್ಲಿ ಕಬ್ಬಿಣವಿಲ್ಲ, ಅಯಸ್ಕಾಂತ ಹಿಡಿದರೆ ಅದು ಅಳಿಯುವುದಿಲ್ಲ. ಮೀಟರಿಗೆ ಅಯಸ್ಕಾಂತ ಅಂಟಿಸಿ ಓಟ ನಿಲ್ಲಿಸಲು ನೋಡುವವರು ಇರುವ ಲೋಕದಲ್ಲಿ ಇದು ದೊಡ್ಡ ಗುಣ. ವಿದ್ಯುತ್ ಮೀಟರುಗಳಲ್ಲಿ ಎಫ್‌ರ‍್ಯಾಮ್ ನೆಲೆಯೂರಿದ್ದು ಸಹಜವೇ. ಬಿಸಿ ಮಾತ್ರ ಇದಕ್ಕೂ ಆಗದು. ಎಫ್‌ಎಂ24ಸಿಎಲ್64ಬಿ ಚಿಪ್ಪು ಬರೆದದ್ದನ್ನು 65 ಡಿಗ್ರಿಯಲ್ಲಿ 151 ವರ್ಷ ಇಡುತ್ತದೆ, 75ರಲ್ಲಿ 38 ವರ್ಷ, 85ರಲ್ಲಿ 10 ವರ್ಷ. ಬೆಲೆ ಅದೇ ಅಳತೆಯ ಈಪ್ರಾಮ್‌ನ ಹಲವು ಪಟ್ಟು. ನೀರಿನ ಫ್ಲೋ ಮೀಟರಿನ ಪ್ರತಿ ಪಲ್ಸ್ ಎಣಿಸುವವರು ಆ ಹಣ ಕೊಡಲಿ, ಅಲ್ಲಿ ಚೌಕಾಸಿ ಬೇಡ ಎನ್ನುತ್ತೇನೆ.

ಎಂರ‍್ಯಾಮ್ ಕಾಂತಶಕ್ತಿಯಲ್ಲಿ ಬಿಟ್ ಇಡುತ್ತದೆ. 2006ರಲ್ಲಿ ಫ್ರೀಸ್ಕೇಲ್ ಮಾರುಕಟ್ಟೆಗೆ ತಂದದ್ದು, 2008ರಿಂದ ಎವರ್‌ಸ್ಪಿನ್ ಮಾಡುತ್ತಿದೆ. ವೇಗ ಹೆಚ್ಚು, ಸವೆತವಿಲ್ಲ, ಬೆಲೆ ಹೆಚ್ಚು, ಬಲವಾದ ಅಯಸ್ಕಾಂತ ಹತ್ತಿರ ಬರಬಾರದು. ತೋಟದ ಪೆಟ್ಟಿಗೆಗೆ ಬೇಕಿಲ್ಲ. ಮೈಕ್ರೋಚಿಪ್‌ನ 47ಸಿ04 ಎಂಬುದರಲ್ಲಿ ರ‍್ಯಾಮೂ ಈಪ್ರಾಮೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ನಾವು ಬರೆಯುವುದು ರ‍್ಯಾಮ್‌ಗೆ. ಕರೆಂಟ್ ಹೋದಾಗ ಪಕ್ಕದ ಕೆಪಾಸಿಟರಿನ ಬಲದಲ್ಲಿ ಅದು ತಾನಾಗಿ ಈಪ್ರಾಮ್‌ಗೆ ಇಳಿಯುತ್ತದೆ. ಅಚ್ಚುಕಟ್ಟಾದ ಉಪಾಯ.

ಎಸ್‌ಡಿ ಕಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ದಿನಚರಿ ತುಂಬಿಡಲು ಸರಿ, ಯಂತ್ರದ ಸ್ಥಿತಿ ಇಡಲು ಬೇಡ. ಕಾರ್ಡಿನೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರ್ ಕೂತು ಬ್ಲಾಕುಗಳನ್ನು ಅತ್ತಿತ್ತ ಸಾಗಿಸುತ್ತಿರುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ನಾವು ಮುಟ್ಟದ ಫೈಲೂ ಕೆಡಬಹುದು. ಫ್ಲ್ಯಾಶ್‌ಗೆ ಲೆಕ್ಕವಿಲ್ಲದೆ ಬರೆದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಸಾಕ್ಷಿ ಟೆಸ್ಲಾ ಕಾರುಗಳದ್ದು. ಕೆಲವು ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ನಡುವಿನ ಪರದೆ ನಡೆಸುವ ಕಂಪ್ಯೂಟರಿನಲ್ಲಿ 8 ಜಿಬಿ ಫ್ಲ್ಯಾಶ್ ಇತ್ತು. ವರ್ಷಗಳ ಕಾಲ ಬರೆದೂ ಬರೆದೂ ಅದು ಸವೆದು, ಹಿಂದೆ ನೋಡುವ ಕ್ಯಾಮೆರಾ ಕೂಡ ಕಾಣದಾಯಿತು. 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಅದಕ್ಕಾಗಿ ಹಿಂದಕ್ಕೆ ಕರೆಸಬೇಕಾಯಿತು.

ಇಷ್ಟೆಲ್ಲ ಚಿಪ್ಪಿನ ಮಾತು. ನಮ್ಮ ಪೆಟ್ಟಿಗೆ ಎರಡನೇ ಸಲ ತಪ್ಪಿದ್ದು ಚಿಪ್ಪಿನಿಂದಲ್ಲ.

ಚಿಕ್ಕಪ್ಪನ ಫೋನ್ ಬಂದ ಮೇಲೆ ಪ್ರೋಗ್ರಾಮ್ ತಿದ್ದಿದೆ. ವಾಲ್ವ್ ಬದಲಾದಾಗ ಅದರ ಸಂಖ್ಯೆಯನ್ನು ಒಳಗಿನ ಈಪ್ರಾಮ್‌ನಲ್ಲಿ ಆಗಲೇ ಬರೆಯುವುದು. ಮೋಟರ್ ಒಟ್ಟು ಓಡಿದ ನಿಮಿಷವನ್ನು, ಸುಮ್ಮನೆ ಸವೆಸುವುದು ಬೇಡವೆಂದು, ಕರೆಂಟ್ ಹೋಗುವ ಕ್ಷಣದಲ್ಲಿ ಮಾತ್ರ ಬರೆಯುವುದು. 5 ವೋಲ್ಟ್ ಲೈನು 4.75ಕ್ಕೆ ಇಳಿದರೆ ಅದೇ ಸೂಚನೆ. 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟು ಹೊತ್ತು ಹಿಡಿದುಕೊಳ್ಳುತ್ತದೆ ಎಂದುಕೊಂಡೆ. ಆರನೇ ಪಟ್ಟಿಗೆ ನೀರು ಹೋಯಿತು. ಆದರೆ ತಿಂಗಳು ಕಳೆದ ಮೇಲೆ ಚಿಕ್ಕಪ್ಪ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಮೋಟರ್ ಲೆಕ್ಕಕ್ಕೂ ಪೆಟ್ಟಿಗೆ ತೋರಿಸಿದ್ದಕ್ಕೂ ನಾಲ್ಕು ಗಂಟೆ ಹದಿನಾರು ನಿಮಿಷ ವ್ಯತ್ಯಾಸ ಬಂತು. ನಾಲ್ಕು ಗಂಟೆ ಹದಿನಾರು ನಿಮಿಷ ಎಂದರೆ 256 ನಿಮಿಷ. ಆ ಸಂಖ್ಯೆ ಕಂಡೊಡನೆ ರೋಗ ತಿಳಿಯಿತು.

ನಿಮಿಷದ ಎಣಿಕೆ ಎರಡು ಬೈಟಿನದು. 2,500 ಇದ್ದದ್ದು 2,600 ಆದಾಗ ಎರಡೂ ಬೈಟ್ ಬದಲಾಗುತ್ತವೆ. ಕೆಳಗಿನ ಬೈಟ್ ಮೊದಲು, ಮೇಲಿನದು ಆಮೇಲೆ. ಮೊದಲನೆಯದು ಬರೆದು ಎರಡನೆಯದು ಬರೆಯುವಷ್ಟರಲ್ಲಿ ಶಕ್ತಿ ಮುಗಿದರೆ ಈಪ್ರಾಮ್‌ನಲ್ಲಿ ಉಳಿಯುವುದು 2,344. ಹೊಸದೂ ಅಲ್ಲ, ಹಳೆಯದೂ ಅಲ್ಲ, ಯಾವ ಕಾಲದಲ್ಲೂ ಇರದಿದ್ದ ಸಂಖ್ಯೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಬೋರ್ಡ್ ಸೆಳೆಯುವುದು 20 ಮಿಲಿಆಂಪ್, ಆ ಹೊತ್ತಿಗೆ ಹತ್ತಿದ್ದ ಒಂದು ರಿಲೇ 70 ಮಿಲಿಆಂಪ್. 4.75ರಿಂದ 4.3 ವೋಲ್ಟಿಗೆ ಇಳಿಯುವಷ್ಟರಲ್ಲಿ ಚಿಪ್ ರೀಸೆಟ್ ಆಗುತ್ತದೆ. ಕೆಪಾಸಿಟನ್ಸನ್ನು ಇಳಿಯುವ ವೋಲ್ಟಿನಿಂದ ಗುಣಿಸಿ ಕರೆಂಟಿನಿಂದ ಭಾಗಿಸಿದರೆ ಸಿಗುವುದು 5 ಮಿಲಿಸೆಕೆಂಡ್. ಒಂದು ಬೈಟಿಗೆ 3.4. ಒಂದು ಬೈಟಿಗೆ ಸಾಕು, ಎರಡಕ್ಕೆ ಸಾಲದು. ಕೆಪಾಸಿಟರ್ ತನ್ನ ಕೆಲಸ ಮಾಡಿತ್ತು, ಅದರ ಮೇಲೆ ಹೊರೆ ಲೆಕ್ಕ ಮಾಡದೆ ಹೊರಿಸಿದ್ದು ನಾನು.

ಇದನ್ನು ಎರಡು ಕಡೆಯಿಂದ ಸರಿಪಡಿಸಬಹುದು. ಒಂದು, ಸೂಚನೆಯನ್ನು ಬೇಗ ಪಡೆಯುವುದು. 5 ವೋಲ್ಟ್ ಬೀಳುವವರೆಗೆ ಕಾಯದೆ, ರೆಗ್ಯುಲೇಟರಿನ ಮುಂದಿರುವ 12 ವೋಲ್ಟನ್ನು ನೋಡುತ್ತಿರಬೇಕು. ಅದು ಇಳಿಯತೊಡಗಿದೊಡನೆ ಮೊದಲು ರಿಲೇಗಳನ್ನು ಬಿಡಬೇಕು, ಡಿಸ್‌ಪ್ಲೇಯ ಬೆಳಕು ಆರಿಸಬೇಕು. ಅದೇ 1,000 ಮೈಕ್ರೋಫ್ಯಾರಡ್ 12ರಿಂದ 7ಕ್ಕೆ ಇಳಿಯಲು 20 ಮಿಲಿಆಂಪ್‌ಗೆ ಕಾಲು ಸೆಕೆಂಡ್ ಹಿಡಿಯುತ್ತದೆ, ಎಪ್ಪತ್ತು ಬೈಟ್ ಬರೆಯಬಹುದು. ಆದರೆ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಬಿಸಿಗೆ ಒಳಗೊಳಗೇ ಒಣಗುತ್ತದೆ. ಇವತ್ತು ಕಾಲು ಸೆಕೆಂಡ್ ಕೊಟ್ಟದ್ದು ಎಂಟು ವರ್ಷದ ಮೇಲೆ ಎಷ್ಟು ಕೊಡುತ್ತದೋ ಪೆಟ್ಟಿಗೆಗೆ ತಿಳಿಯದು. ಹಾಗಾಗಿ ಈ ದಾರಿಯೊಂದನ್ನೇ ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎರಡನೆಯದು ಅಂಗಡಿಯ ಕೀರ್ದಿ ಬರೆಯುವ ಕ್ರಮ. ಕೀರ್ದಿಯಲ್ಲಿ ನಿನ್ನೆಯ ಸಾಲನ್ನು ಅಳಿಸಿ ಅದರ ಮೇಲೆ ಇವತ್ತಿನದನ್ನು ಬರೆಯುವುದಿಲ್ಲ, ಕೆಳಗೆ ಹೊಸ ಸಾಲು ಬರೆಯುತ್ತಾರೆ. ನಮ್ಮ ಮೆಮೊರಿಯಲ್ಲೂ ಅಷ್ಟೆ. ಒಂದು ಸಾಲಿಗೆ ಎಂಟು ಬೈಟ್: ಕ್ರಮಸಂಖ್ಯೆಗೆ ಎರಡು, ವಾಲ್ವಿಗೆ ಒಂದು, ಆ ವಾಲ್ವಿನ ನಿಮಿಷಕ್ಕೆ ಒಂದು, ಒಟ್ಟು ನಿಮಿಷಕ್ಕೆ ಎರಡು, ಕೊನೆಗೆ ಇಡೀ ಸಾಲು ಸರಿಯಿದೆಯೇ ಎಂದು ತಾಳೆ ನೋಡುವ ಸಿಆರ್‌ಸಿಗೆ ಎರಡು. ಸಾಲುಗಳು ತುಂಬಿದ ಮೇಲೆ ಮತ್ತೆ ಮೇಲಿನಿಂದ, ಉಂಗುರದ ಹಾಗೆ. ಕರೆಂಟ್ ಬಂದಾಗ ಎಲ್ಲ ಸಾಲನ್ನೂ ಓದಿ, ತಾಳೆಯಾಗುವವುಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಹಿಡಿಯುವುದು. ಅರ್ಧ ಬರೆದ ಸಾಲು ತಾಳೆಯಾಗುವುದಿಲ್ಲ, ಅದನ್ನು ಬಿಟ್ಟರೆ ಅದರ ಹಿಂದಿನ ಸಾಲು ಅಖಂಡವಾಗಿ ಕೈಗೆ ಸಿಗುತ್ತದೆ. ಹೆಚ್ಚೆಂದರೆ ಒಂದು ನಿಮಿಷದ ಲೆಕ್ಕ ತಪ್ಪುತ್ತದೆ. ಇಲ್ಲದ ಸಂಖ್ಯೆ ಹುಟ್ಟುವುದಿಲ್ಲ.

ಈ ಕ್ರಮ ಸವೆತವನ್ನೂ ಹಂಚಿಬಿಡುತ್ತದೆ. ಎಟಿಮೆಗಾದ 1,024 ಬೈಟಿನಲ್ಲಿ 768ನ್ನು ಕೀರ್ದಿಗೆ ಬಿಟ್ಟೆ, 96 ಸಾಲು. ಸಾಲಿಗೆ ಲಕ್ಷದಂತೆ 96 ಲಕ್ಷ ಬರಹ. ಮೋಟರ್ ಓಡುವ ಏಳು ಗಂಟೆಯಲ್ಲಿ ನಿಮಿಷಕ್ಕೊಮ್ಮೆ ಬರೆದರೆ ದಿನಕ್ಕೆ 420. ಒಂದೇ ಜಾಗದಲ್ಲಾದರೆ 238 ದಿನಕ್ಕೆ ಭರವಸೆ ಮುಗಿಯುತ್ತಿತ್ತು, ಉಂಗುರದಲ್ಲಿ 62 ವರ್ಷ. ಎಫ್‌ರ‍್ಯಾಮ್ ಬೇಕಾಗಲಿಲ್ಲ, ಹೊರಗಿನ ಈಪ್ರಾಮೂ ಬೇಕಾಗಲಿಲ್ಲ. ಉಳಿದ 256 ಬೈಟಿನಲ್ಲಿ ಯಾವ ಪಟ್ಟಿಗೆ ಎಷ್ಟು ನಿಮಿಷ ಎಂಬ ಸೆಟ್ಟಿಂಗ್‌ಗಳು, ಎರಡು ಪ್ರತಿಯಲ್ಲಿ. ಅವು ಬದಲಾಗುವುದು ವರ್ಷಕ್ಕೆ ಎರಡೋ ಮೂರೋ ಸಲ. ಅಲ್ಲಿ ಸವೆತದ ಚಿಂತೆಯಿಲ್ಲ, ಬಿಸಿಲಲ್ಲಿ ಚಾರ್ಜ್ ಸೋರಿಹೋಗುವ ಚಿಂತೆ. ಎಟಿಮೆಗಾ 85 ಡಿಗ್ರಿಯಲ್ಲಿ 20 ವರ್ಷ ಎನ್ನುತ್ತದೆ, ಸಾಕು.

ಮೆಮೊರಿ ಯಾವುದೇ ಇರಲಿ, ಇನ್ನೆರಡು ಎಚ್ಚರ ಬೇಕು. ಕರೆಂಟ್ ಹೋಗುವಾಗ ವೋಲ್ಟೇಜ್ ಒಮ್ಮೆಲೇ ಸೊನ್ನೆಯಾಗುವುದಿಲ್ಲ, ಮುಸ್ಸಂಜೆಯಂತೆ ಇಳಿಯುತ್ತದೆ. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ ಸುಮಾರು 3.8 ವೋಲ್ಟಿನ ಕೆಳಗೆ ನಂಬಿಕೆಗೆ ಅರ್ಹವಲ್ಲ. ಆ ಮಬ್ಬಿನಲ್ಲಿ ಆದೇಶ ತಪ್ಪಾಗಿ ಓದಿ ಈಪ್ರಾಮ್‌ನ ಯಾವುದೋ ಮೂಲೆಗೆ ಕಸ ಬರೆದೀತು. ಅದಕ್ಕೆ ಬ್ರೌನ್‌ಔಟ್ ಪತ್ತೆಯನ್ನು 4.3 ವೋಲ್ಟಿಗೆ ಇಟ್ಟು, ಅದರ ಕೆಳಗೆ ಚಿಪ್ಪನ್ನು ರೀಸೆಟ್‌ನಲ್ಲೇ ಹಿಡಿಯಬೇಕು. ಇದು ಚಿಪ್ಪಿನ ಫ್ಯೂಸ್ ಬಿಟ್‌ಗಳ ಕೆಲಸ, ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ಎಷ್ಟೋ ಬೋರ್ಡುಗಳಲ್ಲಿ ಇದು ಆಫ್ ಆಗಿರುವುದನ್ನು ಕಂಡಿದ್ದೇನೆ. ಇನ್ನೊಂದು, ಐ-ಸ್ಕ್ವೇರ್-ಸಿ ಮೇಲೆ ಓದುತ್ತಿರುವ ನಡುವೆ ಮೈಕ್ರೋಕಂಟ್ರೋಲರ್ ಮಾತ್ರ ರೀಸೆಟ್ ಆದರೆ, ಮೆಮೊರಿ ಚಿಪ್ಪು ತನ್ನ ಬೈಟ್ ಮುಗಿಸಲು ಕಾಯುತ್ತಾ ಡೇಟಾ ತಂತಿಯನ್ನು ಕೆಳಗೆ ಹಿಡಿದು ಕೂರುತ್ತದೆ. ಶುರುವಿನಲ್ಲೇ ಒಂಬತ್ತು ಕ್ಲಾಕ್ ಕೊಟ್ಟು ಅದನ್ನು ಬಿಡಿಸಬೇಕು.

ಈ ಸಲ ಪೆಟ್ಟಿಗೆಯನ್ನು ನೇರ ತೋಟಕ್ಕೆ ಒಯ್ಯಲಿಲ್ಲ. ಮೇಜಿನ ಮೇಲಿಟ್ಟು, ಇನ್ನೊಂದು ಎಟಿಮೆಗಾ ಬೋರ್ಡಿನಿಂದ ಅದರ ಕರೆಂಟನ್ನು ರಿಲೇಯಲ್ಲಿ ಕಡಿಯುತ್ತಾ ಕೊಡುತ್ತಾ ಹೋದೆ, ಯಾವ ಕ್ಷಣ ಎಂದು ಮೊದಲೇ ಗೊತ್ತಿರದ ಹಾಗೆ. ನಿಮಿಷಕ್ಕೊಮ್ಮೆ ಬರೆಯುವುದನ್ನು ಪರೀಕ್ಷೆಗೆಂದು ಸೆಕೆಂಡಿಗೆ ಹತ್ತು ಸಲ ಮಾಡಿದೆ. ಆಗ ಸಾಲು ಅರ್ಧಕ್ಕೆ ನಿಲ್ಲುವ ಸಂದರ್ಭ ಬೇಕಾದಷ್ಟು ಸಿಗುತ್ತದೆ. ಪರೀಕ್ಷೆಗೆ ಹಾಕಿದ್ದು ಬೇರೆಯೇ ಚಿಪ್ಪು. ಹೀಗೆ ಸವೆಸಿದ್ದನ್ನು ತೋಟಕ್ಕೆ ಕಳಿಸಬಾರದು. ರಾತ್ರಿಯಿಡೀ ಆ ರಿಲೇ ಟಕ್ ಟಕ್ ಎನ್ನುತ್ತಿತ್ತು. ಬೆಳಗ್ಗೆ ಸಾಲುಗಳನ್ನು ಕಂಪ್ಯೂಟರಿಗೆ ಇಳಿಸಿ ನೋಡಿದೆ. ಅಲ್ಲಲ್ಲಿ ಅರ್ಧ ಬರೆದ ಸಾಲುಗಳಿದ್ದವು, ಒಂದೂ ತಾಳೆಯಾಗಿರಲಿಲ್ಲ. ಪ್ರತಿ ಸಲವೂ ಪೆಟ್ಟಿಗೆ ಅದರ ಹಿಂದಿನ ಸಾಲನ್ನೇ ಹಿಡಿದು ಮುಂದೆ ನಡೆದಿತ್ತು.

ಹೊಸ ಚಿಪ್ಪು ಹಾಕಿ ಬಸ್ಸಿನಲ್ಲಿ ಚನ್ನಗಿರಿಗೆ ಹೊರಟೆ. ಹೋಗುವಾಗ ಕ್ಯಾಲೆಂಡರಿನ ಹಿಂದಿನ ಲೆಕ್ಕವನ್ನು ಇನ್ನೂ ಒಂದು ತಿಂಗಳು ಬರೆಯಲು ಚಿಕ್ಕಪ್ಪನಿಗೆ ಹೇಳಬೇಕೆಂದುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮೊಳೆಗೆ ಹೊಸ ಪೆನ್ಸಿಲ್ ಕಟ್ಟಿ ಇಟ್ಟಿದ್ದರು.